ಬಿಸಿಲಿಗೆ ಬಣ್ಣಗೆಟ್ಟ ಫೈಬರ್ ದೋಣಿಗೆ ಮತ್ತೆ ಹೊಳಪು ತರುವ ಕ್ರಮ

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವಿರಲಿ, ಹಿರಿಯೂರಿನ ವಾಣಿವಿಲಾಸ ಸಾಗರವಿರಲಿ, ನಮ್ಮ ಬಯಲುಸೀಮೆಯ ದಡದಲ್ಲಿ ನೆರಳಿಲ್ಲದೆ ಬಿದ್ದಿರುವ ಫೈಬರ್ ದೋಣಿ ಕೆಲವೇ ವರ್ಷಗಳಲ್ಲಿ ಮಂಕಾಗಿ, ಮೈ ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ ಹತ್ತುವ ಸ್ಥಿತಿಗೆ ಬರುತ್ತದೆ. ಇದನ್ನು ಕೊಳೆಯೆಂದು ತಿಳಿದು ಸೋಪು ಹಾಕಿ ತಿಕ್ಕುವವರಿದ್ದಾರೆ. ದೋಣಿಯ ಆಯುಸ್ಸು ಮುಗಿಯಿತೆಂದು ಮೇಲೆ ಎನಾಮೆಲ್ ಪೇಂಟ್ ಬಳಿಸುವವರೂ ಇದ್ದಾರೆ. ಬಹುಪಾಲು ದೋಣಿಗಳಿಗೆ ಇವೆರಡೂ ಬೇಕಿಲ್ಲ.

ಫೈಬರ್ ದೋಣಿಯ ಹೊರಮೈಯಲ್ಲಿ ಜೆಲ್‌ಕೋಟ್ ಎಂಬ, ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳದ ಪದರವಿರುತ್ತದೆ. ಸೂರ್ಯನ ಅತಿನೇರಳೆ ಕಿರಣಗಳೂ ಗಾಳಿಯ ಆಮ್ಲಜನಕವೂ ಸೇರಿ ಈ ರಾಳದ ಮೇಲ್ಭಾಗವನ್ನು ಒಡೆದು, ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡುತ್ತವೆ. ಬೆಳಕು ಅಲ್ಲಿ ಚದುರಿ ಹೋಗುವುದರಿಂದ ಕೆಂಪು ದೋಣಿ ನಸುಗೆಂಪಾಗಿ, ನೀಲಿ ದೋಣಿ ಬೂದಿಬಣ್ಣವಾಗಿ ಕಾಣುತ್ತದೆ. ಕೆಳಗಿನ ರಾಳ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟ ಮೇಲ್ಪದರವನ್ನು ತೆಗೆದು, ಉಳಿದದ್ದನ್ನು ನಯಗೊಳಿಸಿ, ಅದರ ಮೇಲೆ ವ್ಯಾಕ್ಸ್ ಕೂರಿಸುವುದೇ ಇಲ್ಲಿನ ಕೆಲಸ. ಆದರೆ ಜೆಲ್‌ಕೋಟ್‌ನ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ, ಮತ್ತು ಪ್ರತಿ ಸಲ ಉಜ್ಜಿದಾಗಲೂ ಅದರಲ್ಲಿ ಒಂದಿಷ್ಟು ಶಾಶ್ವತವಾಗಿ ಹೋಗುತ್ತದೆ. ಆದ್ದರಿಂದ ಅತಿ ಮೃದುವಾದ ಉಪಾಯದಿಂದ ಆರಂಭಿಸಿ, ಅದು ಸಾಲದಿದ್ದರೆ ಮಾತ್ರ ಒರಟಾದದ್ದಕ್ಕೆ ಹೋಗಬೇಕೆಂಬುದನ್ನು ನಾನು ಒತ್ತಿ ಹೇಳುತ್ತೇನೆ.

ಕಾಲದ ಆಯ್ಕೆಯೂ ಮುಖ್ಯ. ಬೇಸಿಗೆಯ ಬಿಸಿಲಿನಲ್ಲಿ ಕಾದ ಮೈಮೇಲೆ ಕಾಂಪೌಂಡ್, ಅಂದರೆ ಕೆಟ್ಟ ಪದರವನ್ನು ಉಜ್ಜಿ ತೆಗೆಯುವ ಪೇಸ್ಟ್, ತಕ್ಷಣ ಒಣಗಿ ಅಂಟಿಕೊಳ್ಳುತ್ತದೆ. ಆಷಾಢದ ಗಾಳಿಯಲ್ಲಿ, ಅದರಲ್ಲೂ ಗಾಳಿಯಂತ್ರಗಳನ್ನೇ ನೆಟ್ಟಿರುವ ಚಿತ್ರದುರ್ಗದ ಸುತ್ತಮುತ್ತ, ಹಾರಿ ಬಂದ ಮರಳಿನ ಕಣ ಉಜ್ಜುವ ಪ್ಯಾಡಿನ ಕೆಳಗೆ ಸಿಕ್ಕಿ ಗೀರು ಹಾಕುತ್ತದೆ. ಚಳಿಗಾಲದ ಬೆಳಗಿನ ಹೊತ್ತು, ಶೆಡ್ಡಿನ ಅಥವಾ ಮರದ ನೆರಳು ಇದಕ್ಕೆ ತಕ್ಕದ್ದು.

ದೋಣಿಯನ್ನು ನೀರಿನಿಂದ ದೂರ ತಂದೇ ಕೆಲಸ ಆರಂಭಿಸಬೇಕು. ಈ ಎರಡೂ ಜಲಾಶಯಗಳ ನೀರನ್ನು ಜನ ಕುಡಿಯುತ್ತಾರೆ. ಉಜ್ಜಿದ ಪುಡಿ ಮತ್ತು ರಾಸಾಯನಿಕ ಬೆರೆತ ನೀರು ಕೆರೆಗೆ ಹರಿಯಬಾರದು. ಮೊದಲು ಸೌಮ್ಯ ಸೋಪಿನಿಂದ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟ ಬಿಳಿ ಕಲೆಗಳಿಗೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್ ಸಾಕು. ತುಕ್ಕಿನ ಕಂದು ಕಲೆಗಳಿಗೆ ತೆಳುವಾದ ಆಕ್ಸಾಲಿಕ್ ಆಮ್ಲದ ದ್ರಾವಣ ಬೇಕಾಗಬಹುದು; ಅದನ್ನು ಕೈಗವಸು, ಕನ್ನಡಕ ಧರಿಸಿ ಹಚ್ಚಿ, ಚೆನ್ನಾಗಿ ತೊಳೆಯಬೇಕು. ಬ್ಲೀಚಿಂಗ್ ಪೌಡರನ್ನು ಯಾವ ಆಮ್ಲದೊಂದಿಗೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ.

ಒಣಗಿದ ಮೇಲೆ, ಎಲ್ಲರಿಗೂ ಕಾಣದ ಒಂದು ಮೂಲೆಯಲ್ಲಿ ಅಂಗೈಯಗಲದ ಜಾಗವನ್ನು ಆರಿಸಿ, ಕೈಯಿಂದಲೇ ಪಾಲಿಷ್ ಹಚ್ಚಿ ಪರೀಕ್ಷಿಸಿ. ಹೊಳಪು ಬಂದರೆ ಇಡೀ ದೋಣಿಗೆ ಅಷ್ಟೇ ಸಾಕು. ಬಾರದಿದ್ದರೆ ರಬ್ಬಿಂಗ್ ಕಾಂಪೌಂಡ್, ಅದಕ್ಕೂ ಬಗ್ಗದಿದ್ದರೆ ಮಾತ್ರ 1000 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರು ಹೆಚ್ಚಿದಷ್ಟೂ ಅದು ನಯ. ಪೇಪರ್ ಹಿಡಿದ ಕಡೆ ನೀರು ಬಿಡುತ್ತಾ, ಹಗುರವಾಗಿ ಉಜ್ಜಿ, 1500 ಮತ್ತು 2000 ನಂಬರಿನವರೆಗೆ ಸಾಗಬೇಕು. ಪ್ರತಿ ಹಂತವೂ ಹಿಂದಿನ ಪೇಪರಿನ ಗೀರುಗಳನ್ನು ಅಳಿಸಿರಬೇಕು. ಪರೀಕ್ಷೆಯ ಜಾಗದಲ್ಲಿ ಬೇರೆ ಬಣ್ಣವೋ ನಾರಿನ ನೇಯ್ಗೆಯೋ ಇಣುಕಿದರೆ ಕೂಡಲೇ ನಿಲ್ಲಿಸಿ: ಜೆಲ್‌ಕೋಟ್ ಸವೆದುಹೋಗಿದೆ, ಅಂಥ ದೋಣಿಗೆ ಹೊಸ ಲೇಪವೇ ಗತಿ.

ಕಾಂಪೌಂಡ್ ಹಾಕಲು ಕಾರುಗಳ ಪೇಂಟಿಂಗ್ ಗ್ಯಾರೇಜುಗಳಲ್ಲಿರುವ ಪಾಲಿಷಿಂಗ್ ಮೆಷಿನ್ ಮತ್ತು ಉಣ್ಣೆಯ ಪ್ಯಾಡ್ ಸಾಕು. ನೋಂದಣಿ ಸಂಖ್ಯೆ, ಸ್ಟಿಕ್ಕರ್‌ಗಳ ಮೇಲೆ ಮೊದಲೇ ಟೇಪ್ ಅಂಟಿಸಿ. ಒಮ್ಮೆಗೆ ಎರಡಡಿ ಚದರ ಜಾಗವನ್ನು ಮಾತ್ರ ತೆಗೆದುಕೊಂಡು, ಪ್ಯಾಡನ್ನು ಮೈಗೆ ಸಮತಟ್ಟಾಗಿ ಹಿಡಿದು, ನಿಮಿಷಕ್ಕೆ 1000ದಿಂದ 1500 ಸುತ್ತಿನ ವೇಗದಲ್ಲಿ, ಒಂದೇ ಕಡೆ ನಿಲ್ಲಿಸದೆ, ಸಾಲು ಸಾಲಾಗಿ ಸರಿಸುತ್ತಾ ಹೋಗಬೇಕು. ಅಂಚು ಮತ್ತು ಮೂಲೆಗಳಲ್ಲಿ ಜೆಲ್‌ಕೋಟ್ ಬೇಗ ಸವೆಯುವುದರಿಂದ ಅಲ್ಲಿ ಕೈಯಿಂದ ಉಜ್ಜುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ. ಮೈ ಬಿಸಿಯಾಯಿತೆನ್ನಿಸಿದರೆ ಬಿಡುವು ಕೊಡಿ. ವಿದ್ಯುತ್ ತಂತಿ ಹೆಗಲ ಮೇಲಿರಲಿ, ಒದ್ದೆ ನೆಲದ ಮೇಲಲ್ಲ. ಧೂಳಿಗೆ ಮಾಸ್ಕ್ ಅಗತ್ಯ. ಬಳಿಕ ಸ್ಪಂಜಿನ ಪ್ಯಾಡಿಗೆ ಬದಲಾಯಿಸಿ ನುಣುಪಾದ ಪಾಲಿಷ್ ಹಾಕಿದರೆ ಉಣ್ಣೆ ಬಿಟ್ಟ ಸುತ್ತುಗಲೆಗಳು ಮಾಯವಾಗುತ್ತವೆ.

ವ್ಯಾಕ್ಸ್ ಹೊಳಪನ್ನು ಹುಟ್ಟಿಸುವುದಿಲ್ಲ, ಬಂದ ಹೊಳಪನ್ನು ಕಾಯುತ್ತದೆ. ಪುಡಿ ಏಳುತ್ತಿರುವ ಮೈಗೆ ನೇರವಾಗಿ ವ್ಯಾಕ್ಸ್ ಬಳಿದರೆ ಕೆಲವೇ ವಾರಗಳಲ್ಲಿ ಮತ್ತೆ ಮಂಕು ಕವಿಯುವುದು ಈ ಕಾರಣಕ್ಕೆ. ಬ್ರೆಜಿಲ್‌ನ ತಾಳೆಯೊಂದರ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಒಳ್ಳೆಯ ಹೊಳಪು ಕೊಡುತ್ತದೆ, ಕೃತಕ ಪಾಲಿಮರ್ ಸೀಲೆಂಟ್ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ. ವರ್ಷವಿಡೀ ಬಯಲಲ್ಲೇ ನಿಲ್ಲುವ ದೋಣಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ತೆಳುವಾಗಿ ಹಚ್ಚಿ, ಮಂಜಿನಂತೆ ಮಸುಕಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಇನ್ನೊಂದು ಪದರ ಹಾಕಿ.

ಹರಿಹರದ ಹೊಳೆಯಲ್ಲಿ ಕಾಣುವ, ಡಾಂಬರು ಬಳಿದ ತೆಪ್ಪಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ.

ಮೈಮೇಲೆ ಸಿಂಪಡಿಸಿದ ನೀರು ಹನಿಹನಿಯಾಗಿ ನಿಲ್ಲದೆ ಹರಡತೊಡಗಿದರೆ ವ್ಯಾಕ್ಸ್ ಕಳೆದಿದೆಯೆಂದು ತಿಳಿಯಿರಿ. ನಮ್ಮ ಬಿಸಿಲಿನಲ್ಲಿ ಮೂರು ನಾಲ್ಕು ತಿಂಗಳಿಗೊಮ್ಮೆ ಇದನ್ನು ನೋಡಿ, ಬೇಕಾದಾಗ ತೊಳೆದು ಒಂದು ಪದರ ವ್ಯಾಕ್ಸ್ ಹಾಕುತ್ತಿದ್ದರೆ, ಕಾಂಪೌಂಡನ್ನು ವರ್ಷಗಟ್ಟಲೆ ಮುಟ್ಟಬೇಕಾಗುವುದಿಲ್ಲ.