ಆಮಂತ್ರಣ ಪತ್ರಿಕೆ ಓದಲು ಬರದವರು ಕಾರ್ಯಕ್ರಮಕ್ಕೆ ಹೊರಡಬೇಡಿ

ಏಪ್ರಿಲ್, ಮೇ ತಿಂಗಳಲ್ಲಿ ಚಿಕ್ಕಮಗಳೂರಿನಲ್ಲಿ ಶನಿವಾರ ಭಾನುವಾರ ಖಾಲಿ ಹೋಗುವುದೇ ಇಲ್ಲ. ರಾಮನವಮಿ ಆಸುಪಾಸಿನಲ್ಲಿ ಸಂಗೀತ, ಕುವೆಂಪು ಕಲಾಮಂದಿರದಲ್ಲಿ ನಾಟಕವೋ ಭರತನಾಟ್ಯವೋ, ಮಲೆನಾಡಿನ ಕಡೆ ಯಕ್ಷಗಾನ, ಚೈತ್ರದಲ್ಲಿ ಬೇಲೂರಿನ ತೇರು, ಮೇ ಬಂತೆಂದರೆ ಬೇಸಿಗೆ ಶಿಬಿರದ ಮಕ್ಕಳ ನಾಟಕ. ಆದರೆ ನಮ್ಮ ಮನೆಗೆ ಬೆಂಗಳೂರಿನಿಂದ ಬರುವ ಹುಡುಗರು ಇದನ್ನೆಲ್ಲ ಎರಡೇ ದಿನದಲ್ಲಿ ಮುಗಿಸಬೇಕು ಅಂತ ಬರುತ್ತಾರೆ. ಫೋನಿನಲ್ಲಿ ಪಟ್ಟಿ ಸಿದ್ಧ. ಶನಿವಾರ ಬೆಳಿಗ್ಗೆ ಮುಳ್ಳಯ್ಯನಗಿರಿ, ಮಧ್ಯಾಹ್ನ ಬೇಲೂರು, ಸಂಜೆ ಭರತನಾಟ್ಯ, ರಾತ್ರಿ ಯಕ್ಷಗಾನ. ಭರತನಾಟ್ಯದಲ್ಲಿ ತೂಕಡಿಸುತ್ತಾರೆ. ಯಕ್ಷಗಾನದಲ್ಲಿ ಒಡ್ಡೋಲಗ, ಅಂದರೆ ವೇಷಗಳು ಮೊದಲ ಸಲ ರಂಗಕ್ಕೆ ಬರುವ ಕುಣಿತ, ಮುಗಿಯುವ ಮೊದಲೇ ಅಕ್ಕಪಕ್ಕದವರ ಕಾಲು ತುಳಿದುಕೊಂಡು ಎದ್ದು ಹೋಗುತ್ತಾರೆ. ಮಾರನೇ ದಿನ ಕೇಳಿದರೆ 'ಸೂಪರ್ ಆಗಿತ್ತು ದೊಡ್ಡಮ್ಮ' ಅಂತಾರೆ. ಏನು ಸೂಪರ್? ಯಾವ ಪ್ರಸಂಗ ಅಂತ ಕೇಳಿದರೆ ಗೊತ್ತಿಲ್ಲ.

ಮೊದಲು ಮುಳ್ಳಯ್ಯನಗಿರಿಯನ್ನು ಪಟ್ಟಿಯಿಂದ ಹೊಡೆದುಹಾಕಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ವಾರದ ಕೊನೆಯಲ್ಲಿ ಆ ರಸ್ತೆಯಲ್ಲಿ ಕಾರಿನ ಹಿಂದೆ ಕಾರು ನಿಂತಿರುತ್ತದೆ. ದಿನಕ್ಕೆ ಒಂದು ದೊಡ್ಡ ಕಾರ್ಯಕ್ರಮ ಸಾಕು. ಬೆಳಿಗ್ಗೆ ಬೇಕಾದರೆ ಒಂದು ದೇವಸ್ಥಾನ. ಮಧ್ಯಾಹ್ನ ಮನೆಯಲ್ಲಿ ಊಟ, ನಿದ್ದೆ. ನಿದ್ದೆ ಮಾಡದವರನ್ನು ನಾನು ರಾತ್ರಿಯ ಯಕ್ಷಗಾನದ ಆಟಕ್ಕೆ ಕರೆದುಕೊಂಡೇ ಹೋಗುವುದಿಲ್ಲ, ಮೊಮ್ಮಕ್ಕಳು ಅತ್ತರೂ ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 5.30 ಎಂದು ಹಾಕಿದ್ದರೆ 5.15ಕ್ಕೇ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಕೂರುವವರಿದ್ದಾರೆ. ಏಳೂವರೆಗೆ ನೃತ್ಯ ಶುರುವಾಗುವಷ್ಟರಲ್ಲಿ ಮಕ್ಕಳಿಗೆ ಹಸಿವು, ತಾಯಿಗೆ ತಲೆನೋವು, ತಂದೆ ಹೊರಗೆ ಫೋನಿನಲ್ಲಿ. ತಪ್ಪು ಯಾರದ್ದು? ಪತ್ರಿಕೆಯಲ್ಲಿ ಎಲ್ಲ ಬರೆದೇ ಇರುತ್ತದೆ ಕಣ್ರೀ. ಓದಬೇಕು ಅಷ್ಟೇ.

ಓದುವ ಕ್ರಮ ಹೀಗೆ. ಶುಕ್ರವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ಪತ್ರಿಕೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಳ್ಳಿ. ಕನ್ನಡಕ ಹಾಕಿಕೊಳ್ಳಿ, ಪೆನ್ಸಿಲ್ ಹಿಡಿಯಿರಿ. ವಾಟ್ಸಾಪಿನಲ್ಲಿ ಬಂದದ್ದಾದರೆ ದೊಡ್ಡದು ಮಾಡಿ ನೋಡಿ, ಮೇಲಿನ ದೇವರ ಚಿತ್ರ ನೋಡಿ ಮುಚ್ಚಿಬಿಡಬೇಡಿ. ಮೊದಲು ನೋಡಬೇಕಾದದ್ದು 'ಸಭಾ ಕಾರ್ಯಕ್ರಮ' ಎಂಬ ಮಾತು ಇದೆಯೋ ಇಲ್ಲವೋ. ಇಲ್ಲದಿದ್ದರೆ, ಅಥವಾ ಟಿಕೆಟ್ ಇಟ್ಟ ನಾಟಕವಾದರೆ, ಹೇಳಿದ ಹೊತ್ತಿಗೇ ಹೋಗಿ. ಶಾಸ್ತ್ರೀಯ ಸಂಗೀತ ಕಚೇರಿಯೂ ಅಷ್ಟೇ, ಹೆಚ್ಚು ತಡ ಮಾಡುವುದಿಲ್ಲ. ಸಭೆ ಇದ್ದರೆ ಮಾತ್ರ ಲೆಕ್ಕ ಶುರು.

ಮಾತಾಡುವವರ ಹೆಸರಿನ ಪಕ್ಕ ಒಂದೊಂದು ಗೀಟು ಹಾಕುತ್ತಾ ಹೋಗಿ. ಒಂದು ಗೀಟು ಅಂದರೆ ಒಂದು ಕುಕ್ಕರ್ ಅನ್ನ ಇಟ್ಟು ಇಳಿಸುವಷ್ಟು ಹೊತ್ತು. ಪ್ರಾರ್ಥನೆಗೆ ಅರ್ಧ ಗೀಟು, ಶಾಲೆಯ ಮಕ್ಕಳು ಸೇರಿ ಹಾಡುವುದಾದರೆ ಪೂರ್ತಿ. ಸ್ವಾಗತ ಭಾಷಣ ಚಿಕ್ಕದು ಅಂದುಕೊಳ್ಳಬೇಡಿ, ವೇದಿಕೆಯಲ್ಲಿರುವ ಅಷ್ಟೂ ಜನರ ಹೆಸರು, ಬಿರುದು, ಹುದ್ದೆ ಹೇಳಿ ಒಬ್ಬೊಬ್ಬರಿಗೂ ಹೂಗುಚ್ಛ ಕೊಡಿಸಬೇಕು. ಪ್ರಾಸ್ತಾವಿಕ ನುಡಿ ಇದೆಯಲ್ಲ, ಅದು ಎಲ್ಲಕ್ಕಿಂತ ಅಪಾಯ. ಸಂಘ ಹುಟ್ಟಿದ ದಿನದಿಂದ ಶುರು ಮಾಡುತ್ತಾರೆ. ಅದಕ್ಕೆ ಕಣ್ಣುಮುಚ್ಚಿ ಎರಡು ಗೀಟು ಹಾಕಿ. ಉದ್ಘಾಟಕರು ರಾಜಕೀಯದವರಾದರೆ ಬರುವುದು ತಡ, ಆದರೆ ಬಂದವರು 'ಇನ್ನೊಂದು ಕಾರ್ಯಕ್ರಮವಿದೆ' ಅಂತ ಬೇಗ ಹೊರಡುತ್ತಾರೆ. ಕೂಡಿ ಕಳೆದರೆ ಎರಡು ಗೀಟು. ಮುಖ್ಯ ಅತಿಥಿ ಡಾಕ್ಟರಾದರೆ ಅರ್ಧ ಸಾಕು, ನಿವೃತ್ತ ಪ್ರಾಧ್ಯಾಪಕರಾದರೆ ಎರಡು. 'ಉಪಸ್ಥಿತಿ' ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರಲ್ಲ, ಅವರು ಮಾತಾಡುವುದಿಲ್ಲ, ಬಿಟ್ಟುಬಿಡಿ. ಆದರೆ ಅವರಲ್ಲಿ ಒಬ್ಬರನ್ನು ಯಾರಾದರೂ 'ಎರಡು ಮಾತಾಡಿ' ಅಂತ ಎಬ್ಬಿಸಿಯೇ ಎಬ್ಬಿಸುತ್ತಾರೆ. ಅದಕ್ಕೆ ಒಂದು ಸೇರಿಸಿ. ಸನ್ಮಾನ ಇದ್ದರೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಫೋಟೋದವನು ಇನ್ನೊಂದು ಸಲ ಅಂತ ಪೇಟ ಸರಿ ಮಾಡಿಸುತ್ತಾನೆ. ಸನ್ಮಾನಿತರು ಮೂವರಿಗಿಂತ ಜಾಸ್ತಿ ಇದ್ದರೆ ಮನೆಯಲ್ಲೇ ರಾತ್ರಿ ಊಟ ಮುಗಿಸಿಕೊಂಡು ಹೊರಡಿ. ಕೊನೆಗೆ ಅಧ್ಯಕ್ಷರು. 'ಎಲ್ಲರೂ ಎಲ್ಲ ಹೇಳಿದ್ದಾರೆ, ನನಗೇನೂ ಉಳಿದಿಲ್ಲ' ಅಂದರೆ ಇನ್ನೂ ಎರಡು ಗೀಟು ಇದೆ ಅಂತಲೇ ಅರ್ಥ.

ಪತ್ರಿಕೆಯಲ್ಲಿ ಹಾಕಿದ ಹೊತ್ತಿಗೆ ಗೀಟೆಲ್ಲ ಕೂಡಿಸಿ, ಮನೆಯಿಂದ ಅಲ್ಲಿಗೆ ಹೋಗುವ ಹೊತ್ತು ಕಳೆದು ಹೊರಡಿ. ವಂದನಾರ್ಪಣೆ ನಡೆಯುವಾಗ ಒಳಗೆ ಹೋದರೆ ಸರಿ. ಆಗ ಮುಂದಿನ ಸಾಲಿನವರು ಗಣ್ಯರ ಜೊತೆ ಎದ್ದು ಹೋಗುತ್ತಿರುತ್ತಾರೆ, ಒಳ್ಳೆಯ ಕುರ್ಚಿ ಸಿಗುತ್ತದೆ. ಗೊತ್ತಿರುವ ಮನೆಯ ಮಗು ಪ್ರಾರ್ಥನೆ ಹೇಳುತ್ತಿದ್ದರೆ ಮಾತ್ರ ಈ ಲೆಕ್ಕ ಬಿಟ್ಟು ಮೊದಲೇ ಹೋಗಿ ಚಪ್ಪಾಳೆ ಹೊಡೆಯಬೇಕು. ಇಲ್ಲದಿದ್ದರೆ ವರ್ಷಗಟ್ಟಲೆ ಮಾತು ಕೇಳಬೇಕಾಗುತ್ತದೆ. ಭರತನಾಟ್ಯದ ರಂಗಪ್ರವೇಶದ ಲೆಕ್ಕವೇ ಬೇರೆ. ಅಲ್ಲಿ ಸಾಮಾನ್ಯವಾಗಿ ವರ್ಣ ಎಂಬ ದೊಡ್ಡ ನೃತ್ಯ ಆದ ಮೇಲೆ ಸಭೆ, ಹುಡುಗಿ ಸೀರೆ ಬದಲಾಯಿಸಲಿ ಅಂತ. ಅಲ್ಲಿಗೆ ಮೊದಲೇ ಹೋಗಿ, ಸಭೆಯ ಹೊತ್ತಿಗೆ ಹೊರಗೆ ಬಂದು ಬುತ್ತಿ ಬಿಚ್ಚಿ.

ನಮ್ಮ ಮಾವನವರು ಬಾಗಿಲ ಪಕ್ಕದ ಮೊಳೆಗೆ ಒಂದು ತಂತಿ ಬಗ್ಗಿಸಿ ಸಿಕ್ಕಿಸಿದ್ದರು. ಪತ್ರಿಕೆಗಳನ್ನೆಲ್ಲ ಅದಕ್ಕೆ ಚುಚ್ಚುತ್ತಿದ್ದರು. ಕಾರ್ಯಕ್ರಮದಿಂದ ಬಂದ ರಾತ್ರಿಯೇ ಪತ್ರಿಕೆಯ ಹಿಂಬದಿಯಲ್ಲಿ 'ಇವರು ಒಂದು ಗಂಟೆ ತಡ', 'ಮೈಕ್ ಸರಿಯಿಲ್ಲ', 'ಕಾಫಿ ಚೆನ್ನಾಗಿತ್ತು' ಅಂತ ಬರೆಯುತ್ತಿದ್ದರು. ಮುಂದಿನ ವರ್ಷ ಅದೇ ಸಂಘದವರು ಕರೆದರೆ ತಂತಿಯಿಂದ ಹಳೆಯದನ್ನು ತೆಗೆದು ನೋಡಿಯೇ ಪಂಚೆ ಬದಲಾಯಿಸುತ್ತಿದ್ದದ್ದು.

ಯಕ್ಷಗಾನಕ್ಕೆ ಗೀಟಿನ ಲೆಕ್ಕ ಬೇಡ. ಚೆಂಡೆಯಲ್ಲಿ 'ಕೇಳಿ' ಎಂಬ ಮುನ್ಸೂಚನೆಯ ಪೆಟ್ಟು ಹೊಡೆದರೆಂದರೆ ಆಟ ಶುರುವಾಗುತ್ತದೆ ಅಂತಲೇ. ಮೇಳಗಳು ಮಳೆಗಾಲಕ್ಕೆ ಮೊದಲು ತಿರುಗಾಟ ಮುಗಿಸುತ್ತವೆ, ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆ ಎಂಬ ದಿನ ಗೆಜ್ಜೆ ಬಿಚ್ಚುವುದು ಕರಾವಳಿಯ ರೂಢಿ. ಹಾಗಾಗಿ ಬೇಸಿಗೆಯಲ್ಲಿ ನೋಡದಿದ್ದರೆ ಆಮೇಲೆ ಸಿಗುವುದಿಲ್ಲ. ರಾತ್ರಿಯಿಡೀ ಕೂರಲು ಆಗದವರು 'ಕಾಲಮಿತಿ' ಎಂದು ಹಾಕಿರುವ, ಕೆಲವೇ ಗಂಟೆಗಳಲ್ಲಿ ಮುಗಿಯುವ ಆಟ ಹುಡುಕಿ. ಮೂಲೆಯಲ್ಲಿ ಫೋನು ಬೆಳಗಿಸಿಕೊಂಡು ಕೂರುವ ಬದಲು ಅದು ವಾಸಿ. ನಾವು ಚಿಕ್ಕವರಿದ್ದಾಗ ಕೊಪ್ಪದ ಕಡೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಕಂಬಳಿ ಹಾಸಿ ಮಲಗಿಬಿಡುತ್ತಿದ್ದೆವು, ರಾಕ್ಷಸ ವೇಷ ಬರುವಾಗ ಅಜ್ಜಿ ಭುಜ ಅಲ್ಲಾಡಿಸಿ ಎಬ್ಬಿಸುತ್ತಿದ್ದರು. ಈಗ ಮಲಗಿದರೆ ಯಾರಾದರೂ ವೀಡಿಯೋ ಮಾಡುತ್ತಾರೆ.

ಇನ್ನು ಮಳೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅಂತ ರೈತರಿಗೆ ಖುಷಿ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ಭರಣಿ. ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ಸಂಜೆ ನಾಲ್ಕಕ್ಕೆ ಮೋಡ, ಗುಡುಗು, ಆಮೇಲೆ ಕರೆಂಟೂ ಇಲ್ಲ. ಬಯಲಿನ ಕಾರ್ಯಕ್ರಮವಾದರೆ ಎರಡು ಶಾಮಿಯಾನ ಸೇರುವ ಜಾಗದ ಕೆಳಗೆ ಕೂರಬೇಡಿ. ನೀರು ಬಟ್ಟೆಯಲ್ಲಿ ಹೊಟ್ಟೆ ಕಟ್ಟಿ ನಿಂತು, ಯಾರೋ ಕೋಲಿನಿಂದ ತಿವಿದಾಗ ಅಷ್ಟೂ ನಿಮ್ಮ ತಲೆಗೇ. ಶಾಲು ಬೇಕೇ ಬೇಕು. ನಮ್ಮೂರು ಸಾವಿರ ಮೀಟರಿಗೂ ಮೇಲಿದೆ, ಮಳೆ ಬಿದ್ದ ರಾತ್ರಿ ಮೇ ತಿಂಗಳಲ್ಲೂ ಚಳಿ ಹಿಡಿಯುತ್ತದೆ.

ಅಂದಹಾಗೆ ಸಂಡಿಗೆ ಇಟ್ಟಿದ್ದರೆ ಹೊರಡುವ ಮೊದಲು ತಾರಸಿಯಿಂದ ಒಳಗೆ ತನ್ನಿ. ಬಿಸಿಲಿದೆಯಲ್ಲ ಅಂತ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅರ್ಧ ಒಣಗಿದ ಸಬ್ಬಕ್ಕಿ ಸಂಡಿಗೆ ನೆನೆದರೆ ಮುಗೀತು. ಒಳಗೆ ತಂದ ಮೇಲೂ ಪ್ಲಾಸ್ಟಿಕ್ ಹಾಕಿ ಮುಚ್ಚಬೇಡಿ, ಬೆವರುತ್ತದೆ. ತೆಳ್ಳಗಿನ ಪಂಚೆ ಹೊದಿಸಿ ಫ್ಯಾನಿನ ಕೆಳಗೆ ಬಿಡಿ.

ಬುತ್ತಿಗೆ ಮೊಸರನ್ನ. ಬಿಸಿ ಅನ್ನ ಚೆನ್ನಾಗಿ ಕಿವುಚಿ, ಹಾಲು ಧಾರಾಳವಾಗಿ ಸುರಿದು, ಆರಿದ ಮೇಲೆ ಮೊಸರು ಬರೀ ಒಂದು ಚಮಚ. ರಾತ್ರಿ ಹೊತ್ತಿಗೆ ಹದವಾಗಿರುತ್ತದೆ. ಮಧ್ಯಾಹ್ನವೇ ಮೊಸರು ಸುರಿದು ಹುಳಿ ಮಾಡಿಕೊಂಡು ತಿನ್ನುವುದು ಯಾವ ಜಾಣತನವೋ. ಚಿಪ್ಸ್ ಪ್ಯಾಕೆಟ್ ಮಾತ್ರ ದಯವಿಟ್ಟು ತರಬೇಡಿ. ಗಾಯಕರು ಆಲಾಪನೆ ಶುರು ಮಾಡಿದಾಗಲೇ ಅದು ಪರಪರ ಅನ್ನುವುದು.

ಶನಿವಾರ ಬೆಳಿಗ್ಗೆ ಹಿರೇಮಗಳೂರಿಗೆ ಹೋಗಿ ಬನ್ನಿ, ಊರಿಗೆ ಸೇರಿಕೊಂಡೇ ಇದೆ. ಕೋದಂಡರಾಮನ ಗುಡಿಯಲ್ಲಿ ಪೂಜೆ ಕನ್ನಡದಲ್ಲಿ, ಮಕ್ಕಳಿಗೂ ಅರ್ಥವಾಗುತ್ತದೆ. ಸೀತೆ ಯಾವ ಕಡೆ ನಿಂತಿದ್ದಾಳೆ ನೋಡಿ ಅಂತ ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಇಲ್ಲಿ ರಾಮನ ಬಲಕ್ಕೆ ಇದ್ದಾಳೆ, ಬೇರೆ ಕಡೆ ಸಾಮಾನ್ಯವಾಗಿ ಎಡಕ್ಕೆ.

ಬೇಲೂರು ಭಾನುವಾರಕ್ಕೆ ಇರಲಿ, ಬೆಳಗಿನ ಮೊದಲ ಬಸ್ಸುಗಳಲ್ಲೇ. ಇಪ್ಪತ್ತೈದು ಕಿಲೋಮೀಟರು ಅಷ್ಟೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವು, ಹೊತ್ತೇರಿದರೆ ಜನವೋ ಜನ. ಹನ್ನೊಂದಾಯಿತೆಂದರೆ ಅಂಗಳದ ಕಲ್ಲು ಕಾದು ಕಾಲಿಡಲು ಆಗುವುದಿಲ್ಲ. ಮಕ್ಕಳಿಗೆ ಹಳೆಯ ಕಾಲುಚೀಲ ಹಾಕಿಸಿ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಯನ್ನು ಅರ್ಧ ಗಂಟೆಯಲ್ಲಿ ಸುತ್ತಿ ಬರುವವರಿಗೆ ನಾನು ಹೇಳುವುದು ಒಂದೇ: ಒಂದು ಗೋಡೆ ಆರಿಸಿಕೊಳ್ಳಿ, ಅದನ್ನೇ ನೋಡಿ. ಕೆಳಗಿನ ಆನೆಗಳ ಸಾಲಿನಲ್ಲಿ ಯಾವ ಆನೆ ಸೊಂಡಿಲು ಎಲ್ಲಿ ಇಟ್ಟಿದೆ ಅಂತ ಮಕ್ಕಳು ಹುಡುಕಲಿ. ತೇರಿನ ದಿನವಾದರೆ ಕಾರು ಮನೆಯಲ್ಲೇ ಬಿಟ್ಟು ಹೋಗಿ. ಜನ ಬೇಡ ಅನ್ನುವವರು ಬೇಲೂರಿನ ಬದಲು ಜಾವಗಲ್ ದಾರಿಯ ಬೆಳವಾಡಿಗೆ ಹೋಗಿ. ವೀರನಾರಾಯಣನ ಗುಡಿಯ ಮಂಟಪದಲ್ಲಿ ಕಂಬಗಳಿಗೆ ಮುಖ ಕಾಣುವಷ್ಟು ಹೊಳಪು, ನೆಲ ತಣ್ಣಗೆ, ಎಷ್ಟು ಹೊತ್ತಾದರೂ ಕೂರಬಹುದು.

ಮಧ್ಯಾಹ್ನ ಒಂದು ಗಂಟೆಯೊಳಗೆ ಮನೆಗೆ ಬನ್ನಿ. ಭಾನುವಾರ ಸಂಜೆ ಎಲ್ಲಿಗೂ ಬೇಡ, ಸೋಮವಾರದ ದೋಸೆಗೆ ರುಬ್ಬುವುದಿರುತ್ತದೆ. ಯಾರಾದರೂ ಕೊನೇ ಗಳಿಗೆಯಲ್ಲಿ ಪಾಸ್ ತಂದುಕೊಟ್ಟರೆ ಪಕ್ಕದ ಮನೆಯವರಿಗೆ ಕೊಟ್ಟುಬಿಡಿ. ಅವರ ಹುಡುಗಿ ಸಂಗೀತ ಕಲಿಯುತ್ತಿದ್ದಾಳೆ, ನಿಮಗಿಂತ ಚೆನ್ನಾಗಿ ಕೇಳುತ್ತಾಳೆ.