ಬೆಂಗಳೂರು ಮನೆಗೆ ಸೆಂಟ್ರಲ್ ಎಸಿ, ಅದೂ ಕಡಿಮೆ ದುಡ್ಡಿನಲ್ಲಿ: ಏನು ನೋಡಬೇಕು, ಏನು ಬಿಡಬೇಕು

ಹನ್ನೆರಡು ವರ್ಷ ಷಿಕಾಗೋದಲ್ಲಿದ್ದು ವಾಪಸ್ ಬಂದ ನಮ್ಮ ಭಾವ ಜೆ.ಪಿ. ನಗರದ ಮನೆಯ ಗೃಹಪ್ರವೇಶ ಮುಗಿಸಿ ತಿಂಗಳಾಗಿತ್ತಷ್ಟೆ. ಏಪ್ರಿಲ್ ಬಂತು. ಒಂದು ಬೆಳಿಗ್ಗೆ ಫೋನ್ ಮಾಡಿ, "ಇಡೀ ಮನೆಗೆ ಸೆಂಟ್ರಲ್ ಎಸಿ ಹಾಕಿಸೋಣ ಕಣೋ, ಹಾಗೇ ಗ್ಯಾಸ್ ಫರ್ನೇಸ್ ಕೂಡ ಸಿಗುತ್ತಾ ವಿಚಾರಿಸು, ಬಜೆಟ್ ಮಾತ್ರ ಜಾಸ್ತಿ ಇಲ್ಲ" ಅಂದರು. ಎರಡು ವರ್ಷದ ಹಿಂದೆ ನಮ್ಮ ಮನೆಗೆ ಎಸಿ ಹಾಕಿಸಿ ಕೈ ಸುಟ್ಟುಕೊಂಡವನು ನಾನು, ಹಾಗಾಗಿ ಮನೆಯವರೆಲ್ಲರ ಲೆಕ್ಕದಲ್ಲಿ ಈಗ ನಾನೇ ಎಸಿ ಪಂಡಿತ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಇಡೀ ಮನೆಯನ್ನು ಬೆಚ್ಚಗಿಡುವ ಯಂತ್ರದ ವಿಷಯ ಮುಗಿಸೋಣ. ಅಮೆರಿಕದ ಮನೆಗಳಲ್ಲಿ ಎಸಿ ಮತ್ತು ಫರ್ನೇಸ್ ಜೋಡಿ ಎತ್ತುಗಳ ಥರ. ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಫರ್ನೇಸ್ ಇರುತ್ತದೆ, ಗಾಳಿ ತಳ್ಳುವ ಬ್ಲೋವರ್ ಅದರೊಳಗೇ ಇರುತ್ತದೆ, ಎಸಿಯ ತಣ್ಣನೆ ಕಾಯಿಲ್ ಅದಕ್ಕೆ ಅಂಟಿಕೊಂಡೇ ಕೂತಿರುತ್ತದೆ. ಚಳಿಗಾಲದಲ್ಲಿ ಗ್ಯಾಸ್ ಉರಿದು ಬಿಸಿಯಾದ ಗಾಳಿ, ಬೇಸಿಗೆಯಲ್ಲಿ ಕಾಯಿಲ್ ಹಾಯ್ದ ತಂಪು ಗಾಳಿ, ಎರಡೂ ಹೋಗುವುದು ಒಂದೇ ಡಕ್ಟಿನಲ್ಲಿ, ಅಂದರೆ ಗಾಳಿ ಸಾಗುವ ಕೊಳವೆಯಲ್ಲಿ. ಅದಕ್ಕೇ ಅಲ್ಲಿ ಎರಡನ್ನೂ ಸಾಮಾನ್ಯವಾಗಿ ಒಟ್ಟಿಗೆ ಬದಲಾಯಿಸುತ್ತಾರೆ. ನಿಮ್ಮ ಮಗನೋ ಮಗಳೋ ಅಲ್ಲಿ ಮನೆ ತಗೊಂಡು ಕೊಟೇಶನ್ ಫೋಟೋ ಕಳಿಸಿ "ಅಪ್ಪಾ, ಇದು ಸರೀನಾ" ಅಂತ ಕೇಳಿದರೆ ಎರಡು ಅಂಕಿ ನೋಡಿ. ಎಎಫ್‌ಯುಇ 80 ಅಂದರೆ ನೂರು ರೂಪಾಯಿ ಗ್ಯಾಸಿನಲ್ಲಿ 80 ರೂಪಾಯಿಯ ಶಾಖ ಮನೆಗೆ, ಉಳಿದದ್ದು ಹೊಗೆ ಕೊಳವೆಯಲ್ಲಿ ಆಚೆಗೆ. 95 ಇದ್ದರೆ ಹೆಚ್ಚು ಉಳಿಯುತ್ತದೆ, ಆದರೆ ಹೊಗೆ ತಣ್ಣಗಾಗಿ ನೀರಾಗುವುದರಿಂದ ಪಿವಿಸಿ ಕೊಳವೆಯೂ ನೀರು ಹೋಗಲು ದಾರಿಯೂ ಬೇಕು. ಷಿಕಾಗೋ ಥರದ ಊರಿಗೆ 95 ಸರಿ, ಚಳಿ ಕಡಿಮೆ ಇರುವ ಟೆಕ್ಸಾಸ್ ಕಡೆಗೆ 80 ಸಾಕು. ಎಸಿಗೆ ಅಲ್ಲಿ 2023ರಿಂದ ಸೀರ್2 ಅನ್ನುವ ಅಳತೆ ಇದೆ, ಅಂಕಿ ಹೆಚ್ಚಿದ್ದಷ್ಟೂ ಅದೇ ತಂಪಿಗೆ ಕರೆಂಟ್ ಕಡಿಮೆ, ಉತ್ತರದ ರಾಜ್ಯಗಳಲ್ಲಿ ಕನಿಷ್ಠ 13.4, ದಕ್ಷಿಣದಲ್ಲಿ ಮನೆ ಬಳಕೆಯ ಸಾಮಾನ್ಯ ಸೈಜಿಗೆ 14.3. ಬಜೆಟ್ ಕಡಿಮೆ ಅಂದರೆ ಕನಿಷ್ಠಕ್ಕಿಂತ ಒಂದು ಮೆಟ್ಟಿಲು ಮೇಲಿನದು ತಗೊಂಡು, ಮನೆಯ ಶಾಖದ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಡುವ ಕಂಟ್ರಾಕ್ಟರನ್ನು ಹಿಡಿಯಲಿ.

ಇನ್ನು ನಮ್ಮ ಊರಿಗೆ ಬನ್ನಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗಿನ ಜನವರಿ ರಾತ್ರಿಗಳು ಸುಮಾರಾಗಿ 15-16ರ ಹತ್ತಿರ ಇರುತ್ತವೆ. ಇದಕ್ಕೆ ಫರ್ನೇಸ್ ಹಾಕುವುದು ಸೊಳ್ಳೆಗೆ ಕೋವಿ ಎತ್ತಿದ ಹಾಗೆ. ಭಾವನಿಗೆ ನಂಬಿಕೆ ಬರಲಿಲ್ಲ, ಸರಿ, ಲೆಕ್ಕ ಹಾಕಿ ತೋರಿಸಿದೆ. ಅಲ್ಲಿನ ಚಿಕ್ಕ ಫರ್ನೇಸ್ ಅಂದರೆ ಗಂಟೆಗೆ 40,000 ಬಿಟಿಯು (ಬಿಟಿಯು ಅಂದರೆ ಶಾಖದ ಒಂದು ಅಳತೆ). ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರಿನಲ್ಲಿ ಇರುವುದು ಹೆಚ್ಚುಕಮ್ಮಿ ಆರು ಲಕ್ಷ ಚಿಲ್ಲರೆ ಬಿಟಿಯು. ಅಂದರೆ ಪೂರ್ತಿ ಉರಿಸಿದರೆ ಒಂದು ಸಿಲಿಂಡರ್ 15-16 ಗಂಟೆಯಲ್ಲಿ ಖಾಲಿ! ಆಮೇಲೆ ಅವರು ಫರ್ನೇಸ್ ಹೆಸರು ಎತ್ತಲಿಲ್ಲ.

ಚಳಿ ತಡೆಯಲ್ಲ, ಮನೆಯಲ್ಲಿ ವಯಸ್ಸಾದವರಿದ್ದಾರೆ ಅನ್ನುವವರು ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಸಿ ತಗೊಳ್ಳಿ. ಅದು ಎಸಿಯನ್ನೇ ಉಲ್ಟಾ ಓಡಿಸುತ್ತದೆ, ಹೊರಗಿನ ಗಾಳಿಯ ಶಾಖವನ್ನು ಹೀರಿ ಒಳಗೆ ತರುತ್ತದೆ. ನಮ್ಮ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಶಾಖ ಸಲೀಸಾಗಿ ಸಿಗುತ್ತದೆ. ಸಿಲಿಂಡರಿಗೆ ಸಿಕ್ಕಿಸುವ ರೂಮ್ ಹೀಟರ್ ಮಾತ್ರ ಬೇಡವೇ ಬೇಡ. ಬಾತ್‌ರೂಮಿನ ಗ್ಯಾಸ್ ಗೀಸರಿನಿಂದ ಜನ ಉಸಿರುಕಟ್ಟಿ ಸತ್ತ ಸುದ್ದಿ ಪೇಪರಿನಲ್ಲಿ ಓದಿರುತ್ತೀರಲ್ಲ, ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಈಗ ಸೆಂಟ್ರಲ್ ಎಸಿ. ಇಲ್ಲಿ ಅದನ್ನು ಡಕ್ಟಬಲ್ ಎಸಿ ಅನ್ನುತ್ತಾರೆ. ಫಾಲ್ಸ್ ಸೀಲಿಂಗ್ ಒಳಗೆ ಯೂನಿಟ್ ಅಡಗಿರುತ್ತದೆ, ತಗಡಿನ ಡಕ್ಟ್ ಕೋಣೆ ಕೋಣೆಗೂ ಹೋಗುತ್ತದೆ, ನೋಡಲು ಹೋಟೆಲ್ ಥರ ಚೆನ್ನಾಗಿಯೇ ಇರುತ್ತದೆ. ಮೂರು ಕಡೆ ವಿಚಾರಿಸಿದೆವು. ಮೂರು ಬೆಡ್‌ರೂಮ್ ಮನೆಗೆ ಎಲ್ಲಕ್ಕಿಂತ ಕಡಿಮೆ ಹೇಳಿದವರದೇ ನಾಲ್ಕು ಲಕ್ಷ ದಾಟಿತು, ಫಾಲ್ಸ್ ಸೀಲಿಂಗ್ ಖರ್ಚು ಬೇರೆ. ಅದೇ ದಿನ ಅಂಗಡಿಯಲ್ಲಿ ಮೂರು ಸ್ಟಾರಿನ ಎರಡು ಸ್ಪ್ಲಿಟ್ ಎಸಿಗೆ ಫಿಟಿಂಗ್ ಸೇರಿ ಎಂಬತ್ತು ಸಾವಿರದ ಆಸುಪಾಸು. ದುಡ್ಡಿಗಿಂತ ದೊಡ್ಡ ತೊಂದರೆ ಬೇರೆ ಇದೆ: ಮಾಮೂಲಿ ಡಕ್ಟಬಲ್ ಎಸಿಗೆ ಥರ್ಮೋಸ್ಟಾಟ್ ಒಂದೇ. ನೀವು ಇಬ್ಬರು ಒಂದು ಕೋಣೆಯಲ್ಲಿ ಮಲಗಿದ್ದರೂ ಹಾಲ್, ದೇವರ ಮನೆ ಪಕ್ಕದ ಪ್ಯಾಸೇಜ್, ಖಾಲಿ ಗೆಸ್ಟ್ ರೂಮ್ ಎಲ್ಲ ತಣ್ಣಗಾಗುತ್ತಿರುತ್ತವೆ. ಬೇಡದ ಕೋಣೆಗೆ ಗಾಳಿ ನಿಲ್ಲಿಸುವ ಮೋಟಾರ್ ಡ್ಯಾಂಪರ್ ಹಾಕಿಸಬಹುದು, ಅದಕ್ಕೆ ಮತ್ತೆ ದುಡ್ಡು. ನಮ್ಮ ಊರಿನಲ್ಲಿ ಏಪ್ರಿಲಿನಲ್ಲೂ ಬೆಳಗಿನ ಜಾವ 22-23 ಡಿಗ್ರಿಗೆ ಇಳಿಯುತ್ತದೆ, ಎಸಿ ನಿಜವಾಗಿ ಬೇಕಾಗುವುದು ವರ್ಷಕ್ಕೆ ಎರಡು ಮೂರು ತಿಂಗಳು, ಅದೂ ಮಲಗುವ ಹೊತ್ತಿಗೆ. ಹಾಗಾಗಿ ನನ್ನ ಮಾತು ಇಷ್ಟೇ: ಕಡಿಮೆ ಬಜೆಟ್ ಇದ್ದರೆ ಮನೆಯನ್ನಲ್ಲ, ಮಲಗುವ ಕೋಣೆಯನ್ನು ತಂಪು ಮಾಡಿ.

ಅದಕ್ಕೂ ಮುಂಚೆ ತಾರಸಿ ನೋಡಿ. ಮೇಲಿನ ಮಹಡಿಯಲ್ಲಿರುವವರಿಗೆ ಸೆಕೆಯ ಮೂಲ ಅದೇ. ಕಾಂಕ್ರೀಟ್ ದಿನವಿಡೀ ಬಿಸಿಲು ಕುಡಿದು ರಾತ್ರಿ ಹನ್ನೊಂದರ ತನಕ ಆ ಶಾಖವನ್ನು ನಿಮ್ಮ ತಲೆ ಮೇಲೆ ಬಿಡುತ್ತಿರುತ್ತದೆ, ಎಸಿ ಪಾಪ ಅದರ ಜೊತೆ ಗುದ್ದಾಡುತ್ತದೆ. ಬೇಸಿಗೆ ಶುರುವಾಗುವ ಮುಂಚೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ, ಅಷ್ಟೂ ಆಗದಿದ್ದರೆ ಸುಣ್ಣ ಬಳಿಸಿ. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಬಿದಿರಿನ ಚಿಕ್ ಇಳಿಬಿಡಿ, ಒಳಗಿನ ಪರದೆಗಿಂತ ಅದು ವಾಸಿ, ಯಾಕೆಂದರೆ ಬಿಸಿಲು ಗಾಜು ದಾಟುವ ಮುಂಚೆಯೇ ನಿಲ್ಲುತ್ತದೆ. ಭಾವನ ಮನೆಯಲ್ಲಿ ಇವೆರಡನ್ನು ಮಾಡಿದ ಮೇಲೆ ಹಾಲಿಗೆ ಎಸಿ ಬೇಕು ಅನ್ನುವ ಮಾತೇ ನಿಂತಿತು, ಫ್ಯಾನ್ ಸಾಕಾಯಿತು.

ಟನ್ ಅಂದರೆ ಎಸಿಯ ತೂಕ ಅಲ್ಲ, ಈ ಪ್ರಶ್ನೆಯನ್ನು ನನಗೆ ಇಬ್ಬರು ಕೇಳಿದ್ದಾರೆ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ತೆಗೆಯುವ ಶಕ್ತಿ, ಅಂದರೆ ಗಂಟೆಗೆ 12,000 ಬಿಟಿಯು ಅಥವಾ ಸುಮಾರು 3,500 ವ್ಯಾಟ್. ಬೆಂಗಳೂರಿನ 10 ಅಡಿ 12 ಅಡಿ ಕೋಣೆಗೆ ಒಂದು ಟನ್ ಸಾಕು. ತಾರಸಿ ಕೆಳಗಿನ ಕೋಣೆ, ಪಶ್ಚಿಮದ ಗೋಡೆ, 150 ಚದರ ಅಡಿಗಿಂತ ದೊಡ್ಡದು, ಇಂಥದ್ದಾದರೆ ಒಂದೂವರೆ. ಅಂಗಡಿಯವರು "ಸರ್, ದೊಡ್ಡದೇ ತಗೊಳ್ಳಿ, ಬೇಗ ಕೂಲ್ ಆಗುತ್ತೆ" ಅನ್ನುತ್ತಾರೆ. ಬೇಗ ಕೂಲ್ ಆಗಿ ಬೇಗ ನಿಲ್ಲುತ್ತದೆ, ಗಾಳಿಯಲ್ಲಿನ ತೇವ ಹೋಗಿರುವುದಿಲ್ಲ, ಮೇ ತಿಂಗಳ ಮಳೆ ಬಂದ ರಾತ್ರಿ ತಣ್ಣಗೆ ಜಿಗುಟಾದ ಕೋಣೆಯಲ್ಲಿ ಮಲಗುತ್ತೀರಿ. ಇನ್ನೊಂದು ವಿಷಯ, ಡಬ್ಬದ ಮೇಲೆ 1.5 ಟನ್ ಅಂತ ಇದ್ದರೂ ಸ್ಟಾರ್ ಲೇಬಲಿನಲ್ಲಿ ಕೂಲಿಂಗ್ ಕೆಪ್ಯಾಸಿಟಿ 4,800 ವ್ಯಾಟ್ ಇರಬಹುದು, ಇನ್ನೊಂದರಲ್ಲಿ 5,200 ಇರಬಹುದು. ಟನ್ ಬಿಟ್ಟು ವ್ಯಾಟ್ ಹೋಲಿಸಿ.

ಸ್ಟಾರ್ ವಿಷಯದಲ್ಲಿ ನನಗೂ ಭಾವನಿಗೂ ದೊಡ್ಡ ಜಗಳವೇ ಆಯಿತು. ಅವರಿಗೆ ಐದು ಸ್ಟಾರೇ ಬೇಕು. ಸ್ಟಾರ್ ಕೊಡುವ ಸರ್ಕಾರಿ ಸಂಸ್ಥೆ ಬಿಇಇಯ ಲೇಬಲಿನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಒಂದು ಅಂಕಿ ಇರುತ್ತದೆ, ಅದು 1,600 ಗಂಟೆ ಓಡಿಸಿದ ಲೆಕ್ಕ. ಮೂರು ಸ್ಟಾರಿನದರಲ್ಲಿ 1,050, ಐದು ಸ್ಟಾರಿನದರಲ್ಲಿ 775 ಇದೆ ಅಂದುಕೊಳ್ಳಿ, ವ್ಯತ್ಯಾಸ 275 ಯೂನಿಟ್. ಆದರೆ ನಾವು ಓಡಿಸುವುದು 90 ರಾತ್ರಿ, ರಾತ್ರಿಗೆ ಏಳು ಗಂಟೆ, ಒಟ್ಟು 630 ಗಂಟೆ. ಹಾಗಾದರೆ ಉಳಿಯುವುದು ಸುಮಾರು 110 ಯೂನಿಟ್, ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೂ ವರ್ಷಕ್ಕೆ ಏಳುನೂರು ಚಿಲ್ಲರೆ. ಐದು ಸ್ಟಾರಿಗೆ ಎಂಟು-ಹತ್ತು ಸಾವಿರ ಜಾಸ್ತಿ ಕೊಟ್ಟರೆ ಅದು ವಾಪಸ್ ಬರಲು ಹನ್ನೊಂದು ವರ್ಷಕ್ಕೂ ಮೇಲಾಗುತ್ತದೆ. ಮನೆಯಿಂದಲೇ ಕೆಲಸ, ಹಗಲೂ ಎಸಿ ಅನ್ನುವವರಿಗೆ ಐದು ಸ್ಟಾರ್ ಸರಿ. ಉಳಿದವರಿಗೆ ಮೂರು ಸ್ಟಾರ್ ಇನ್ವರ್ಟರ್. ಲೇಬಲಿನ ವರ್ಷವನ್ನೂ ಓದಿ, ಸ್ಟಾರ್ ಪಟ್ಟಿಯನ್ನು ಆಗಾಗ ಬಿಗಿ ಮಾಡುವುದರಿಂದ ಹಳೇ ಐದು ಸ್ಟಾರ್ ಹೊಸ ಪಟ್ಟಿಯಲ್ಲಿ ಐದೇ ಇರಬೇಕಂತಿಲ್ಲ. ಒಂದು ಒಳ್ಳೆ ಸುದ್ದಿ, 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ವೈಫೈ, ಮಾತಾಡಿದರೆ ಕೇಳುವ ಎಸಿ, ಇದಕ್ಕೆಲ್ಲ ಸುಮ್ನೆ ದುಡ್ಡು ಹಾಕಬೇಡಿ.

ಕರೆಂಟ್ ಬಿಲ್ಲಿನಲ್ಲಿ ಒಂದು ಗುಂಡಿ ಇದೆ, ಯಾರೂ ಹೇಳುವುದಿಲ್ಲ. ಗೃಹಜ್ಯೋತಿ ಇರುವ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ನಿಮ್ಮದೇ. ಈಗ 130 ಯೂನಿಟ್ ಬಳಸುವ ಮನೆ ಅಂದುಕೊಳ್ಳಿ. ಎಸಿ ದಿನಕ್ಕೆ ನಾಲ್ಕೂವರೆ ಯೂನಿಟ್ ತಿಂದರೆ ತಿಂಗಳಿಗೆ 135 ಸೇರಿ 265 ಆಯಿತು. ನೀವು ಎಸಿಗೆ 135 ಯೂನಿಟ್ಟಿನ ದುಡ್ಡು ಅಂದುಕೊಂಡಿರುತ್ತೀರಿ, ಕಟ್ಟುವುದು 265ಕ್ಕೆ, ಜೊತೆಗೆ ಫಿಕ್ಸೆಡ್ ಚಾರ್ಜ್. ಹಾಗಾಗಿ ಒಂದು ಟನ್ನಿನದು, 26 ಡಿಗ್ರಿ, ಮೇಲೆ ನಿಧಾನಕ್ಕೆ ಫ್ಯಾನ್, ರಾತ್ರಿ ಎರಡಕ್ಕೆ ಟೈಮರ್ ಇಟ್ಟು ಕಿಟಕಿ ತೆಗೆಯುವುದು, ಇಷ್ಟು ಮಾಡಿದರೆ 200ರ ಒಳಗೇ ನಿಲ್ಲಿಸಲು ಸಾಧ್ಯ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತಲೂ ನೋಡಿಕೊಳ್ಳಿ. ಒಂದೋ ಎರಡೋ ಇದ್ದು, ಗೀಸರ್ ಮತ್ತು ಎಸಿ ಒಟ್ಟಿಗೆ ಓಡುವುದಾದರೆ ಲೋಡ್ ಜಾಸ್ತಿ ಮಾಡಿಸಬೇಕಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಡಕ್ಟೇ ಬೇಕು ಅನ್ನುವವರಿದ್ದೀರಿ, ಗೊತ್ತು. ಮನೆ ಇನ್ನೂ ಕಟ್ಟುತ್ತಿದ್ದರೆ ಮಾತ್ರ ಕೈ ಹಾಕಿ. ಫಾಲ್ಸ್ ಸೀಲಿಂಗಿಗೆ ಒಂದು ಅಡಿಗೂ ಮೇಲೆ ಜಾಗ ಹೋಗುತ್ತದೆ. ಬಾಗಿಲು ಹಾಕಿಕೊಂಡ ಕೋಣೆಯಿಂದ ಗಾಳಿ ವಾಪಸ್ ಹೋಗಲು ದಾರಿ ಎಲ್ಲಿ ಅಂತ ಕಂಟ್ರಾಕ್ಟರನ್ನು ಕೇಳಿ. ಬಾಗಿಲ ಕೆಳಗೆ ಸಂದು ಅಥವಾ ಜಾಲರಿ ಇಲ್ಲದಿದ್ದರೆ ಆ ಕೋಣೆಗೆ ತಂಪು ಸರಿಯಾಗಿ ಬರುವುದೇ ಇಲ್ಲ. ಫಿಲ್ಟರ್ ತೆಗೆಯಲು ಮನುಷ್ಯನ ಭುಜ ಹೋಗುವಷ್ಟು ದೊಡ್ಡ ಬಾಗಿಲು ಸೀಲಿಂಗಿನಲ್ಲಿ ಬಿಡಿಸಿ. ಇಲಿ ನುಗ್ಗುವ ಸಂದುಗಳನ್ನು ಮುಚ್ಚಿಸಿ, ಡಕ್ಟಿನ ಇನ್ಸುಲೇಶನ್ ಇಲಿಗೆ ಒಳ್ಳೆ ಹಾಸಿಗೆ.

ಸ್ಪ್ಲಿಟ್ ಆಗಲಿ ಡಕ್ಟ್ ಆಗಲಿ, ಫಿಟಿಂಗ್ ದಿನ ರಜ ಹಾಕಿ ಮನೆಯಲ್ಲಿರಿ. ಎಸಿಗೆ ಮೀಟರ್ ಬೋರ್ಡಿನಿಂದ ಬೇರೆಯೇ ಲೈನ್, 4 ಚದರ ಮಿಲಿಮೀಟರ್ ತಾಮ್ರದ ವೈರ್, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್. ವೈರ್ ನೀವೇ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಿಂದ ತಂದುಕೊಡಿ. ಡಬ್ಬದ ಜೊತೆ ಬರುವ ತಾಮ್ರದ ಪೈಪ್ ಸಾಮಾನ್ಯವಾಗಿ 3 ಮೀಟರ್, ಅದಕ್ಕಿಂತ ಉದ್ದ ಬೇಕಾದರೆ ಮೀಟರಿಗೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಗೋಡೆಗೆ ತೂತು ಹೊಡೆದ ಮೇಲೆ ರೇಟ್ ಹೇಳುತ್ತಾರೆ, ಆಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಗ್ಯಾಸ್ ಬಿಡುವ ಮುಂಚೆ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎಳೆಯಲೇಬೇಕು. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಊದಿಸಿ "ಆಯ್ತು ಸರ್" ಅನ್ನುವವರು ಬಹಳ ಜನ. ಈಗಿನ ಬಹುತೇಕ ಎಸಿಗಳಲ್ಲಿರುವ ಆರ್32 ಗ್ಯಾಸಿಗೆ ಸ್ವಲ್ಪ ಉರಿಯುವ ಗುಣವೂ ಇದೆ, ಹಾಗಾಗಿ ಬೀಡಿ ಕಚ್ಚಿಕೊಂಡು ಬಂದವರನ್ನು ಹೊರಗೇ ನಿಲ್ಲಿಸಿ. ಔಟ್‌ಡೋರ್ ಯೂನಿಟ್ಟನ್ನು ಕೈಗೆ ಸಿಗದ ಗೋಡೆಗೆ ನೇತು ಹಾಕಿಸಬೇಡಿ, ಸಜ್ಜದ ಮೇಲೋ ತಾರಸಿಯ ನೆರಳಲ್ಲೋ ಇಡಿಸಿ, ಸರ್ವಿಸ್ ಮಾಡುವವನೂ ಒಬ್ಬ ತಾಯಿಯ ಮಗ ಅಲ್ವಾ.

ಕೊನೆಗೆ ನನ್ನ ಕೈ ಸುಟ್ಟ ಕಥೆ. ನಮ್ಮ ಮನೆಗೆ ಬಂದ ಹುಡುಗರು ನೀರು ಹೋಗುವ ಡ್ರೈನ್ ಪೈಪನ್ನು ಫಾಲ್ಸ್ ಸೀಲಿಂಗ್ ಮೇಲೆ ಹಾಯಿಸಿದರು. ನೀರು ಹರಿಯಲು ಕೊಡುವ ಇಳಿಜಾರಿಗೆ ಗಾರೆಯವರು ವಾಟ ಅನ್ನುತ್ತಾರಲ್ಲ, ಆ ವಾಟ ಕೊಡಲಿಲ್ಲ, ಪೈಪ್ ನಡುವೆ ಹೊಟ್ಟೆ ಬಿಟ್ಟುಕೊಂಡಿತ್ತು. ಮೂರು ವಾರ ಏನೂ ಗೊತ್ತಾಗಲಿಲ್ಲ. ಒಂದು ರಾತ್ರಿ ಸೀಲಿಂಗಿನ ಜಿಪ್ಸಮ್ ಹಲಗೆ ನೆನೆದು ಮಂಚದ ಕಾಲ ಬಳಿ ದಪ್ ಅಂತ ಬಿತ್ತು. ಹಾಕಿಸಿದವರನ್ನು ಕೇಳಿದರೆ "ಅದು ಸೀಲಿಂಗ್‌ನವರ ಕೆಲಸ ಸರ್" ಅಂದರು, ಸೀಲಿಂಗ್‌ನವರು ಇವರ ಕಡೆ ಕೈ ತೋರಿಸಿದರು. ಭಾವನ ಮನೆಯಲ್ಲಿ ಅದಕ್ಕೇ ಸೀಲಿಂಗ್ ಮುಚ್ಚುವ ಮುಂಚೆ ನಾನೇ ಏಣಿ ಹತ್ತಿ ಇನ್‌ಡೋರ್ ಯೂನಿಟ್ಟಿನ ತಟ್ಟೆಗೆ ಒಂದು ಲೀಟರ್ ನೀರು ಸುರಿದೆ, ಅಕ್ಕ ಹೊರಗೆ ಪೈಪಿನ ಬಾಯಿಗೆ ಚೊಂಬು ಹಿಡಿದು ನಿಂತಳು. ಚೊಂಬಿಗೆ ಅರ್ಧ ನೀರೂ ಬರಲಿಲ್ಲ. ಪೈಪ್ ಬಿಚ್ಚಿಸಿ ವಾಟ ಸರಿಮಾಡಿಸಿ ಮತ್ತೆ ಸುರಿದೆವು, ಆಮೇಲೇ ಹುಡುಗರ ಕೈಗೆ ಬಾಕಿ ದುಡ್ಡು ಕೊಟ್ಟಿದ್ದು.