ಬೆಳಿಗ್ಗೆ ಅಪಶ್ರುತಿ, ಮಧ್ಯಾಹ್ನ ಸರಿ

ಕೊಡಗಿನ ಸುಂಟಿಕೊಪ್ಪದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಸ್ಪ್ರೇಯರ್, ಪಲ್ಪರ್, ಮೋಟಾರ್ ಪಂಪು, ಕಳೆ ಹೊಡೆಯೋ ಮಿಷನ್ ಇವೆಲ್ಲ ರಿಪೇರಿಗೆ ಬರುತ್ತವೆ. ಗಿಟಾರ್ ನನ್ನ ಕಸುಬಲ್ಲ. ಆದರೆ ಸೋದರಮಾವನ ಅಟ್ಟ ಖಾಲಿ ಮಾಡುವಾಗ ಒಂದು ಹಳೆ ಪೆಡಲ್ ಸ್ಟೀಲ್ ಗಿಟಾರ್ ಸಿಕ್ಕಿತು. ಮಾವ ಹಡಗಿನಲ್ಲಿ ಕೆಲಸಕ್ಕಿದ್ದಾಗ ಅಮೆರಿಕದಿಂದ ತಂದದ್ದು. ಕಂಪನಿ ಹೆಸರಿನ ಪಟ್ಟಿ ಯಾವಾಗಲೋ ಉದುರಿಹೋಗಿದೆ. ನಟ್ಟು ಬೋಲ್ಟು ಜಾಸ್ತಿ ಇರುವುದರಿಂದ ಇದು ನಿನಗೇ ಸರಿ ಅಂತ ಎಲ್ಲರೂ ನನ್ನ ತಲೆಗೆ ಕಟ್ಟಿದರು.

ನೋಡದವರಿಗೆ ಹೇಳುತ್ತೇನೆ. ಇದು ನಾಲ್ಕು ಕಾಲಿನ ಮೇಲೆ ಮೇಜಿನ ಹಾಗೆ ನಿಲ್ಲುತ್ತದೆ. 10 ತಂತಿ. ಎಡಗೈಯಲ್ಲಿ ಉಕ್ಕಿನ ದುಂಡು ಬಾರ್ ಹಿಡಿದು ತಂತಿಯ ಮೇಲೆ ಜಾರಿಸಬೇಕು, ಬಲಗೈಯಲ್ಲಿ ಮೀಟಬೇಕು. ಕೆಳಗೆ 3 ಪೆಡಲ್, ಮೊಣಕಾಲಿಗೆ ತಾಗುವ 2 ಲಿವರ್. ಪೆಡಲ್ ಒತ್ತಿದರೆ ಒಂದೆರಡು ತಂತಿ ಮಾತ್ರ ಬಿಗಿಯಾಗಿ ಸ್ವರ ಮೇಲೇರುತ್ತದೆ. ಬಿಟ್ಟರೆ ವಾಪಸ್ ಬರಬೇಕು. ನನ್ನ ಗೋಳೆಲ್ಲ ಈ ವಾಪಸ್ ಬರುವುದರದ್ದೇ.

ಇದರ ಶ್ರುತಿಗೆ ಇ9 ಅನ್ನುತ್ತಾರೆ. ಇ ಸ್ವರವನ್ನೇ ಷಡ್ಜ, ಅಂದರೆ ನಮ್ಮ ಸರಿಗಮದ ‘ಸ’, ಅಂದುಕೊಂಡರೆ ನಮಗೆ ಬೇಗ ತಲೆಗೆ ಹತ್ತುತ್ತದೆ. ಮೊದಲ ಪೆಡಲ್ 5 ಮತ್ತು 10ನೇ ತಂತಿಯ ಪಂಚಮವನ್ನು ಚತುಶ್ರುತಿ ಧೈವತಕ್ಕೆ ಏರಿಸುತ್ತದೆ. ಎರಡನೆಯದು 3 ಮತ್ತು 6ನೇ ತಂತಿಯ ಅಂತರ ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ. ಒಂದು ಲಿವರ್ 4 ಮತ್ತು 8ನೇ ತಂತಿಯ ಷಡ್ಜವನ್ನು ಕಾಕಲಿ ನಿಷಾದಕ್ಕೆ ಇಳಿಸುತ್ತದೆ. ಉಳಿದದ್ದು ಸದ್ಯಕ್ಕೆ ಬೇಡ.

ಗಿಟಾರನ್ನು ಕಂಬಳಿ ಮೇಲೆ ಬೋರಲು ಹಾಕಿದರೆ ಹೊಟ್ಟೆಯೊಳಗಿನದ್ದೆಲ್ಲ ಕಾಣುತ್ತದೆ. ಪೆಡಲ್ ಒತ್ತಿದಾಗ ಅಡ್ಡ ಶಾಫ್ಟ್ ತಿರುಗುತ್ತದೆ, ಅದು ಸಪೂರ ಸರಳನ್ನು ಎಳೆಯುತ್ತದೆ. ಸರಳಿನ ತುದಿಯಲ್ಲಿ ನೈಲಾನ್ ನಟ್ ಇದೆ. ಆ ನಟ್ಟು ತಂತಿ ಕೂತಿರುವ ಲೋಹದ ಬೆರಳನ್ನು ಬಾಗಿಸುತ್ತದೆ. ಅಷ್ಟೇ. ತಂತಿಯ ಮೂಲ ಸ್ವರಕ್ಕೆ ಎಡತುದಿಯ ಬಿರಡೆ, ಪೆಡಲ್ ಒತ್ತಿದಾಗಿನ ಸ್ವರಕ್ಕೆ ಬಲತುದಿಯ ನೈಲಾನ್ ನಟ್. ನಟ್ ತಿರುಗಿಸಲು ನನ್ನದಕ್ಕೆ 3/16 ಇಂಚಿನ ನಟ್ ಡ್ರೈವರ್ ಸರಿಹೊಂದಿತು. 5 ಎಂಎಂನದು ಸ್ವಲ್ಪ ಲೂಸು, ನೈಲಾನ್ ಮೂಲೆ ಸವೆಯುತ್ತದೆ.

ಮೊದಲ ತಪ್ಪು ಇಲ್ಲೇ ಆಯಿತು. 5ನೇ ತಂತಿಯ ಧೈವತ ಇಳಿದಿತ್ತು ಅಂತ ನಟ್ ಬಿಗಿ ಮಾಡಿದೆ. ಧೈವತ ಸರಿಯಾಯಿತು, ಪಂಚಮ ಏರಿತು. ಬಿರಡೆಯಿಂದ ಪಂಚಮ ಇಳಿಸಿದೆ. ಈಗ ಧೈವತ ಮತ್ತೆ ಇಳಿಯಿತು. ಮತ್ತೆ ನಟ್ ಬಿಗಿ. ಮೂರು ದಿನ ಗಾಣದೆತ್ತಿನ ಹಾಗೆ ಸುತ್ತಿದೆ. ಆಮೇಲೆ ಸರಳನ್ನು ಕೈಬೆರಳಲ್ಲಿ ಅಲ್ಲಾಡಿಸಿ ನೋಡಿದರೆ ಅಲ್ಲಾಡಲೇ ಇಲ್ಲ. ಪೆಡಲ್ ಮುಟ್ಟದೇ ಇದ್ದರೂ ನಟ್ಟು ತಂತಿಯನ್ನು ಎಳೆದೇ ಇಟ್ಟುಕೊಂಡಿತ್ತು. ಮೋಟಾರ್ ಬೈಕಿನ ಕ್ಲಚ್ ಕೇಬಲ್ಲಿಗೆ ಒಂಚೂರು ಪ್ಲೇ, ಅಂದರೆ ಸಡಿಲ, ಬಿಡುತ್ತೇವಲ್ವಾ, ಇಲ್ಲೂ ಹಾಗೇ ಬಿಡಬೇಕು. ನಟ್ಟುಗಳನ್ನೆಲ್ಲ ಪೂರ್ತಿ ಸಡಿಲ ಮಾಡಿದೆ. ಮೊದಲು ಹತ್ತೂ ತಂತಿಯನ್ನು ಬಿರಡೆಯಲ್ಲಿ ಶ್ರುತಿ ಮಾಡಿದೆ. ಆಮೇಲೆ ಒಂದೊಂದೇ ಪೆಡಲ್ ಒತ್ತಿ ಹಿಡಿದು ನಟ್ ತಿರುಗಿಸಿದೆ. ಪೆಡಲ್ ಪೂರ್ತಿ ಒತ್ತಿದರೂ ಸ್ವರ ಸಾಲದೆ, ನಟ್‌ನಲ್ಲಿ ಪ್ಲೇ ಉಳಿದಿಲ್ಲ ಅಂದರೆ, ಪೆಡಲ್ ಎಲ್ಲಿ ನಿಲ್ಲಬೇಕು ಅಂತ ತಡೆಯುವ ಸ್ಕ್ರೂವನ್ನು ಹಿಂದಕ್ಕೆ ಸರಿಸಬೇಕು.

ಇಷ್ಟಾದರೂ ಬೆಳಿಗ್ಗೆ ಹೊತ್ತು ಪೆಡಲ್ ಬಿಟ್ಟಾಗ ಪಂಚಮ ಸುಮಾರು 8 ಸೆಂಟ್ ಮೇಲೆಯೇ ನಿಲ್ಲುತ್ತಿತ್ತು. 100 ಸೆಂಟ್ ಅಂದರೆ ಅರ್ಧ ಸ್ವರ. ಮಧ್ಯಾಹ್ನ ಬಿಸಿಲು ಬಂದ ಮೇಲೆ ತಾನಾಗಿಯೇ ಸರಿ! ಮರದ ಮೈ ಚಳಿಗೆ ಕುಗ್ಗುತ್ತಿದೆ ಅಂತ ದೊಡ್ಡದಾಗಿ ಅಂದುಕೊಂಡೆ.

ಅದು ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ತಿರದ ಸಮಯ. ಪಕ್ಕದ ತೋಟದ ಸುಬೇದಾರರು, ಮಿಲಿಟರಿಯಿಂದ ನಿವೃತ್ತರಾದವರು, ಸ್ಪ್ರೇಯರ್ ತರಲು ಬಂದಿದ್ದರು. ಕದಿರು ತೆಗೆಯುವಾಗ ಗುಂಡು ಹಾರಿಸಬೇಕಲ್ಲ, ಮನೆಯಲ್ಲಿ ಕೋವಿ ಒರೆಸಿ ಬಂದ ಕೈ. ಗಿಟಾರಿನ ಬೆರಳುಗಳ ಸಂದಿಗೆ ಉಗುರು ಹಾಕಿ ಮೂಸಿದರು.

“ಇದಕ್ಕೆ ಏನು ಹಾಕಿದ್ದೀಯಾ?”

“ತೆಂಗಿನೆಣ್ಣೆ, ಸರ್.”

“ಕೋವಿಗೆ ಯಾರಾದ್ರೂ ತೆಂಗಿನೆಣ್ಣೆ ಹಾಕ್ತಾರಾ ಮಾರಾಯ? ಬಚ್ಚಲಲ್ಲಿ ಬಾಟ್ಲಿ ನೋಡಲಿಲ್ವಾ?”

ನೋಡಿದ್ದೆ. ದಿನಾ ಬೆಳಿಗ್ಗೆ ಬಾಟ್ಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತಿತ್ತು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರ್ ಬೆಳಗಿಗೆ ಅದೇನು ದೊಡ್ಡ ಮಾತೇ? ಹಳೆ ಗ್ರೀಸಿನ ಜಿಡ್ಡಿನ ಜೊತೆ ಸೇರಿ ಮೇಣವಾಗಿ ಬೆರಳುಗಳನ್ನು ಹಿಡಿದುಕೊಳ್ಳುತ್ತಿತ್ತು. ಹಾಕಿದವನು ನಾನೇ, ಅದೂ ಧಾರಾಳವಾಗಿ.

ತಂತಿ ಸಡಿಲಿಸಿ, ಮೇಲಿನ ಬಣ್ಣಕ್ಕೂ ಪಿಕಪ್‌ಗೂ ಬಟ್ಟೆ ಮುಚ್ಚಿದೆ. ಸಿಗರೇಟ್ ಲೈಟರ್‌ಗೆ ತುಂಬುವ ದ್ರವವನ್ನು ಸಿರಿಂಜ್‌ನಲ್ಲಿ ಸಂದಿಗಳಿಗೆ ಬಿಟ್ಟೆ. ಕಿಟಕಿ ತೆರೆದಿತ್ತು, ಬೀಡಿ ಸೇದುವ ಹುಡುಗನನ್ನು ಹೊರಗೆ ಕಳಿಸಿದ್ದೆ. ಕೈಯಲ್ಲೇ ಸರಳು ಎಳೆದು ಬಿಟ್ಟು ಮಾಡಿದಾಗ ಕಾಫಿ ಗಸಿಯಂಥ ಕಪ್ಪು ನೀರು ಇಳಿಯಿತು. ಮೂರು ಸಲ ತೊಳೆದೆ. ಒಣಗಿದ ಮೇಲೆ ಬೆರಳುಗಳ ನಡುವೆ ಒಂದೊಂದೇ ಹನಿ ಹೊಲಿಗೆ ಮಿಷನ್ ಎಣ್ಣೆ. ಬೆರಳುಗಳು ಕೂತಿರುವ ಆಕ್ಸಲನ್ನೇ ಹೊರಗೆಳೆಯೋಣ ಅಂತ ಕೈ ತುರಿಸಿತು, ಸುಮ್ನೆ ಬಿಟ್ಟೆ. 8ನೇ ತಂತಿ ಮಾತ್ರ ಲಿವರ್ ಬಿಟ್ಟ ಮೇಲೂ ಇಳಿದೇ ಇರುತ್ತಿತ್ತು. ಅದು ಎಣ್ಣೆಯ ತಪ್ಪಲ್ಲ. ಬೆರಳನ್ನು ವಾಪಸ್ ಎಳೆಯುವ ಸ್ಪ್ರಿಂಗ್ ಸೋತಿತ್ತು. ಗುಜರಿ ಡಬ್ಬಿಯಲ್ಲಿ ಅದೇ ಅಳತೆಯದ್ದು ಸಿಕ್ಕಿತು.

ಕೊನೆಗೆ ಶ್ರುತಿ ತೋರಿಸುವ ಟ್ಯೂನರ್‌ನಲ್ಲಿ ಎಲ್ಲ ಸೊನ್ನೆಗೆ ತಂದರೂ ಗಾಂಧಾರ ಕಿವಿಗೆ ಚುಚ್ಚುತ್ತಿತ್ತು. ಮೊಬೈಲಿನಲ್ಲಿ ತಂಬೂರಿ ಹಾಕಿ ಕೇಳಿದೆ. ಟ್ಯೂನರಿನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ 14 ಸೆಂಟ್ ಮೇಲೆ ಇರುತ್ತದೆ. ಅಷ್ಟು ಇಳಿಸಿದೆ, ಪೆಡಲಿನ ಧೈವತವನ್ನು 16 ಸೆಂಟ್. ಎರಡು ಪೆಡಲ್ ಒಟ್ಟಿಗೆ ಒತ್ತಿ ಮೀಟಿದರೆ ಮಧ್ಯಮ, ಧೈವತ, ಷಡ್ಜ ಮೂರೂ ಒಂದಕ್ಕೊಂದು ಅಂಟಿಕೊಂಡವು.

ಸುಬೇದಾರರು ಹುತ್ತರಿ ಕಳೆದ ಮೇಲೆ ಕೇಳಲು ಬಂದರು. ಬೆಳಿಗ್ಗೆ 7 ಗಂಟೆಗೇ ಬಂದರು, ಬೇಕಂತಲೇ.